ಮರಳುವ ದಾರಿಯ ತೊಡಕು

ಆಳಂದ ತಾಲ್ಲೂಕಿನ ನಮ್ಮ ನರೋಣಾ ಎರೆನೆಲದ ಊರು. ಇಲ್ಲಿ ದಿನವೆಲ್ಲ ನಡೆಯುವ ಮಾತು ತೊಗರಿಯದು, ಜೋಳದ್ದು, ಕಡಲೆಯದು. ನೀರಿನ ಪ್ರಸ್ತಾಪ ಬಂದರೆ ಅದು ಮಳೆಯದೋ ಬಾವಿಯದೋ ಆಗಿರುತ್ತದೆ. ನಮ್ಮ ತಾಲ್ಲೂಕಿನ ಅಮರ್ಜಾ ನದಿ ಕೊರಳ್ಳಿಯ ಅಣೆಕಟ್ಟಿನಲ್ಲಿ ಕೊಂಚ ವಿಶ್ರಮಿಸಿ, ಮುಂದೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ನಮ್ಮ ಜಲವೈಭವವೆಲ್ಲ ಅಷ್ಟೇ. ಇಂಥ ಊರಿನಲ್ಲಿ ಕುಳಿತವನೊಬ್ಬನು ಸಮುದ್ರದ ಅಲೆಗಳ ಮೇಲೆ ಓಡುವ ಸ್ಕೂಟರಿನ ರಿಪೇರಿಯನ್ನು ಕುರಿತು ಬರೆಯಹೊರಟರೆ ಓದುಗರು ಮುಗುಳ್ನಗಬಹುದು. ನಗಲಿ, ಅಡ್ಡಿಯಿಲ್ಲ. ಆ ಯಂತ್ರದ ರೋಗವನ್ನು ಸರಿಯಾಗಿ ಹೆಸರಿಸಿದ ವೈದ್ಯನು ಸಮುದ್ರವನ್ನೇ ಕಾಣದ ನರೋಣಾದ ಟ್ರ್ಯಾಕ್ಟರ್ ಎಲೆಕ್ಟ್ರಿಷಿಯನ್ ಎಂಬುದೇ ಈ ಬರಹಕ್ಕೆ ನನಗಿರುವ ಅಧಿಕಾರ.

ಕರಾವಳಿಯಲ್ಲಿ ಈ ವಾಹನವನ್ನು ಎಲ್ಲರೂ ಜೆಟ್ ಸ್ಕೀ ಎನ್ನುತ್ತಾರೆ. ಅದು ವಾಸ್ತವವಾಗಿ ಕವಾಸಾಕಿ ಎಂಬ ಜಪಾನೀ ಸಂಸ್ಥೆ ತನ್ನ ಯಂತ್ರಕ್ಕೆ ಇಟ್ಟ ಹೆಸರು. ವನಸ್ಪತಿ ಯಾವುದಾದರೂ ಡಾಲ್ಡಾ ಎಂದು ಕರೆದಂತೆ ಈ ಹೆಸರೂ ಜಾತಿವಾಚಕವಾಗಿಬಿಟ್ಟಿದೆ. 1960ರ ದಶಕದಲ್ಲಿ ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಎಂಬಾತ ಮೋಟಾರ್ ಸೈಕಲಿನ ಹುಚ್ಚಿನಿಂದ ನೀರಿನ ಮೇಲೆ ಓಡುವ ಮೋಟಾರ್ ಸೈಕಲನ್ನು ಕಲ್ಪಿಸಿದ. 1968ರಲ್ಲಿ ಕೆನಡಾದ ಬೊಂಬಾರ್ಡಿಯೇ ಸಂಸ್ಥೆ ಸೀ-ಡೂ ಎಂಬ ಹೆಸರಿನ ಮೊದಲ ವಾಹನವನ್ನು ಮಾರಾಟಕ್ಕೆ ತಂದಿತು. 1970ರ ದಶಕದ ಆರಂಭದಲ್ಲಿ ಕವಾಸಾಕಿಯವರು ನಿಂತು ಓಡಿಸುವ ತಮ್ಮ ಯಂತ್ರವನ್ನು ತಂದರು. ಇದಕ್ಕೆ ದೋಣಿಯಂತೆ ಹೊರಗೆ ತಿರುಗುವ ಚಕ್ರವಿಲ್ಲ. ಒಡಲಿನ ಕೆಳಗಿನಿಂದ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸುತ್ತದೆ. ಆ ಚಿಮ್ಮಿನ ಪ್ರತಿಕ್ರಿಯೆಯಿಂದ ಮುಂದಕ್ಕೆ ಹಾಯುತ್ತದೆ. ಮಲ್ಪೆ, ಪಣಂಬೂರು, ಮುರ್ಡೇಶ್ವರಗಳ ದಡದಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ನೊರೆಯ ಗೆರೆ ಎಳೆಯುತ್ತ ಹೋಗುವ ಈ ವಾಹನವನ್ನು ಅನೇಕರು ಕಂಡಿರಬಹುದು.

ನೋಡಲು ಇದು ಆಟಿಕೆ. ಆದರೆ ಇದರ ವಿದ್ಯುತ್ತು ಕೈಕೊಟ್ಟರೆ ಆಗುವ ಸಂಕಟ ಮಾತ್ರ ಆಟದ್ದಲ್ಲ. ನಮ್ಮ ಊರಿನ ರೈತನು ಬ್ಯಾಟರಿ ಸೋತ ಟ್ರ್ಯಾಕ್ಟರನ್ನು ರಾತ್ರಿ ನಿಲ್ಲಿಸುವಾಗ ಇಳಿಜಾರು ನೋಡಿ ನಿಲ್ಲಿಸುತ್ತಾನೆ. ಬೆಳಿಗ್ಗೆ ಬ್ರೇಕು ಬಿಟ್ಟು, ಉರುಳಿಸಿ, ಗೇರಿಗೆ ಹಾಕಿದರೆ ಎಂಜಿನ್ ಎಚ್ಚರಗೊಳ್ಳುತ್ತದೆ. ನಾಲ್ಕು ಜನ ಸೇರಿ ತಳ್ಳಿದರೂ ಆಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಹಳ್ಳಿಗಳು ಜಲಾವೃತವಾದಾಗ ರಕ್ಷಣಾದಳದವರು ದೋಣಿಗಳಲ್ಲಿ ಜನರನ್ನು ದಡಕ್ಕೆ ತಂದರು. ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಎಳೆಯುವ ಹಗ್ಗವಿರುತ್ತದೆ. ಬ್ಯಾಟರಿ ಇಲ್ಲದಿದ್ದರೂ ತೋಳಿನ ಬಲದಿಂದ ಅದನ್ನು ಎಬ್ಬಿಸಬಹುದು. ಇಂದಿನ ಜೆಟ್ ಸ್ಕೀಗೆ ಹಗ್ಗವೂ ಇಲ್ಲ, ಇಳಿಜಾರೂ ಇಲ್ಲ, ತಳ್ಳುವ ನಾಲ್ವರೂ ಇಲ್ಲ. ಗುಂಡಿ ಒತ್ತಿದಾಗ ಅದು ಏಳದಿದ್ದರೆ ಸವಾರನು ಗಾಳಿ ಒಯ್ದತ್ತ ಹೋಗಬೇಕಾದವನೇ.

ನನ್ನಲ್ಲಿ ವಿಜ್ಞಾನ ಓದಿದ ನರೋಣಾದ ಹುಡುಗನೊಬ್ಬ ಕೆಲಸ ಹುಡುಕಿಕೊಂಡು ಮಲ್ಪೆಗೆ ಹೋದವನು, ಅಲ್ಲಿ ಗೆಳೆಯನೊಡನೆ ಪಾಲುಗೂಡಿ ಸಾಲ ಮಾಡಿ, ಅನ್ಯರು ಕೆಲವು ವರ್ಷ ದುಡಿಸಿದ ಒಂದು ಜೆಟ್ ಸ್ಕೀಯನ್ನು ಕೊಂಡಿದ್ದ. ಮಳೆಗಾಲದ ತಿಂಗಳುಗಳಲ್ಲಿ ಕಡಲು ಮುನಿದಿರುವುದರಿಂದ ಅಲ್ಲಿ ಜಲಕ್ರೀಡೆಗಳು ನಿಲ್ಲುತ್ತವೆ. ಮಳೆ ಹಿಂದಾದ ಮೇಲೆ ಬರುವ ಕೆಲವೇ ತಿಂಗಳುಗಳಲ್ಲಿ ವರ್ಷದ ಅನ್ನ ದುಡಿಯಬೇಕು. ಆ ಹೊತ್ತಿಗೆ ಸರಿಯಾಗಿ ಇವನ ಯಂತ್ರ ಹಟ ಹಿಡಿಯಿತು. ಬೆಳಿಗ್ಗೆ ಚೆನ್ನಾಗಿ ಏಳುವುದು. ನಾಲ್ಕು ಸವಾರಿಯಾಗಿ ಎಂಜಿನ್ ಕಾದ ಮೇಲೆ ನಿಲ್ಲಿಸಿದರೆ ಒಂದೇ ಒಂದು 'ಟಕ್' ಸದ್ದು, ಬಳಿಕ ಮುದುಕನು ಮೆಟ್ಟಿಲೇರುವಂತೆ ನರಳುತ್ತ ಅರ್ಧ ಸುತ್ತು, ಮತ್ತೆ ಮೌನ. ರಿಪೇರಿಯವನೊಬ್ಬ ಬ್ಯಾಟರಿ ಬದಲಿಸಿದ. ಇನ್ನೊಬ್ಬ ಸ್ಟಾರ್ಟರಿನ ರಿಲೇ ಬದಲಿಸಿದ. ಮೂರನೆಯವನು ಸ್ಟಾರ್ಟರ್ ಮೋಟಾರನ್ನೇ ಬದಲಿಸಬೇಕೆಂದು ಅದರ ಬೆಲೆಯನ್ನು ಹೇಳಿದಾಗ ಹುಡುಗ ನನಗೆ ಫೋನು ಮಾಡಿದ.

"ಸರ್‍ರ, ಬ್ಯಾಟ್ರಿ ಹೊಸದದ, ರಿಲೇ ಹೊಸದದ, ಖರೆ ಚಾಲೂ ಆಗವಲ್ದು. ಇನ್ನಾ ರೊಕ್ಕ ಎಲ್ಲಿಂದ ತರ್ಲಿ?"

ನವರಾತ್ರಿಯ ರಜೆ ಸಮೀಪಿಸಿತ್ತು. ಹೊರಡುವ ಮುನ್ನ ನಮ್ಮ ಊರಿನ ಎಲೆಕ್ಟ್ರಿಷಿಯನ್ನನನ್ನು ಕಂಡೆ. ಅವರು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವರಲ್ಲ, ಊರವರಿಗೆಲ್ಲ ಕಾಕಾ. ಅವರು ಹುಡುಗನೊಡನೆ ಫೋನಿನಲ್ಲಿ ಮಾತಾಡಿ ಕೇಳಿದ ಮೊದಲ ಪ್ರಶ್ನೆಯೇ ನನ್ನನ್ನು ಬೆರಗುಗೊಳಿಸಿತು.

"ತಮ್ಮಾ, ಗಾಡಿ ಮೈ ಕಬ್ಬಿಣದ್ದೇನು?"

"ಇಲ್ಲ ಕಾಕಾ, ಫೈಬರದು."

"ಹಂಗಾರ ಅರ್ಥ್ ಎಲ್ಲಿಂದ ಬರತದ? ಅದನ್ನ ಮೊದಲ ನೋಡು. ಸುಮ್ನ ಕುಂತಾಗ ನೋಡಬ್ಯಾಡ, ಸೆಲ್ಫ್ ಹೊಡಿಯೋ ಮುಂದ ನೋಡು."

ಈ ಎರಡು ವಾಕ್ಯಗಳಲ್ಲಿ ವಿಷಯವೆಲ್ಲ ಅಡಗಿದೆ. ಬಿಡಿಸಿ ಹೇಳುತ್ತೇನೆ.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೆಲಸ ಮುಗಿಸಿ ಬ್ಯಾಟರಿಗೇ ಮರಳಬೇಕು. ಹೋಗುವ ದಾರಿಯಷ್ಟೇ ಬರುವ ದಾರಿಯೂ ಸುಗಮವಾಗಿರಬೇಕು. ಟ್ರ್ಯಾಕ್ಟರಿನಲ್ಲಿ ಬರುವ ದಾರಿ ಅದರ ಉಕ್ಕಿನ ಮೈಯೇ: ದೀಪಕ್ಕೆ, ಹಾರನ್ನಿಗೆ, ಮೋಟಾರಿಗೆ ಒಂದೊಂದೇ ತಂತಿ ಸಾಕು, ಉಳಿದುದನ್ನು ಚಾಸಿ ನೋಡಿಕೊಳ್ಳುತ್ತದೆ. ಇದನ್ನೇ ನಮ್ಮವರು ಅರ್ಥ್ ಎನ್ನುವುದು. ಜೆಟ್ ಸ್ಕೀಯ ಒಡಲಾದರೋ ಗಾಜಿನ ನಾರು ಮತ್ತು ರಾಳದಿಂದ ಮಾಡಿದ್ದು. ವಿದ್ಯುತ್ತು ಅದರಲ್ಲಿ ಹರಿಯದು. ಆದ್ದರಿಂದ ಎಂಜಿನ್ನಿನಿಂದ ಬ್ಯಾಟರಿಯ ಋಣ ತುದಿಗೆ ಬರುವ ಒಂದು ದಪ್ಪ ಕಪ್ಪು ಕೇಬಲಿನ ಮೇಲೆಯೇ ಸ್ಟಾರ್ಟರಿನ ಇಡೀ ಪ್ರವಾಹದ ಭಾರ ಬೀಳುತ್ತದೆ. ಬ್ಯಾಟರಿ ಬದಲಿಸುವವರ ಕಣ್ಣು ಸಾಮಾನ್ಯವಾಗಿ ಕೆಂಪು ತಂತಿಯ ಕಡೆಗೆ ಹೋಗುತ್ತದೆ. ಕಪ್ಪು ತಂತಿಯನ್ನು ವಿಚಾರಿಸುವವರು ಕಡಿಮೆ.

ಇನ್ನು ಸಮುದ್ರದ ಉಪ್ಪು. ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ತಂತಿ ತಾಮ್ರದ್ದು, ಬೋಲ್ಟು ಉಕ್ಕಿನದು, ಎಂಜಿನ್ನು ಅಲ್ಯೂಮಿನಿಯಮ್ಮಿನದು. ಬೇರೆ ಬೇರೆ ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೇ ಒಂದು ವಿದ್ಯುತ್ಕೋಶ; 1800ರಲ್ಲಿ ವೋಲ್ಟಾ ಲೋಹದ ಬಿಲ್ಲೆಗಳನ್ನು ಪೇರಿಸಿ ಮಾಡಿದ್ದೂ ಇದನ್ನೇ. ಬೇಡದ ಜಾಗದಲ್ಲಿ ಹುಟ್ಟಿದ ಈ ಮರಿಬ್ಯಾಟರಿ ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ಬ್ರಿಟಿಷ್ ನೌಕಾದಳದ ಹಡಗುಗಳ ತಾಮ್ರದ ಹೊದಿಕೆ ಹೀಗೆಯೇ ಸವೆಯುತ್ತಿದ್ದಾಗ 1824ರಲ್ಲಿ ಹಂಫ್ರಿ ಡೇವಿ ಒಂದು ಉಪಾಯ ತೋರಿಸಿದ: ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ತಾಗಿಸಿದರೆ ಆ ತುಂಡು ತಾನು ಕರಗಿ ತಾಮ್ರವನ್ನು ಉಳಿಸುತ್ತದೆ. ತಾಮ್ರ ಉಳಿಯಿತು ನಿಜ. ಆದರೆ ಕರಗುವ ತಾಮ್ರದ ವಿಷವಿಲ್ಲದೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡು ವೇಗವೇ ಕುಗ್ಗಿತು. ವಿಜ್ಞಾನಿಯ ಗೆಲುವು ನಾವಿಕನಿಗೆ ತಲೆನೋವಾಯಿತು! ಇರಲಿ, ಡೇವಿಯ ತತ್ತ್ವ ಇಂದಿಗೂ ಹಡಗುಗಳಲ್ಲಿ ಸತುವಿನ ತುಂಡುಗಳ ರೂಪದಲ್ಲಿ ಉಳಿದಿದೆ. ಆದರೆ ಕೇಬಲಿನ ಒಳಗೆ ನಡೆಯುವ ಕೊಳೆತಕ್ಕೆ ಅದು ಮದ್ದಲ್ಲ. ತಾಮ್ರದ ಎಳೆಗಳ ನಡುವೆ ನುಗ್ಗಿದ ತೇವ ರಬ್ಬರಿನ ಹೊದಿಕೆಯ ಕೆಳಗೇ ಹಸಿರು ಪುಡಿಯನ್ನು ಹುಟ್ಟಿಸುತ್ತದೆ. ಹೊರಗಿನಿಂದ ನೋಡಿದವನಿಗೆ ಕೇಬಲು ಹೊಸದರಂತೆಯೇ ಇರುತ್ತದೆ.

ಹಾಗಾದರೆ ಮೀಟರಿಟ್ಟು ನೋಡಿದರೆ ತಿಳಿಯದೆ? ತಿಳಿಯದು, ಯಂತ್ರ ಸುಮ್ಮನಿರುವಾಗ ನೋಡಿದರೆ. ಮಲ್ಪೆಯ ರಿಪೇರಿಯವರೂ ಮೀಟರು ಹಿಡಿದಿದ್ದರು. ಕಪ್ಪು ಕೇಬಲಿನ ಎರಡು ತುದಿಗೆ ತಾಗಿಸಿದಾಗ ರೋಧ ಸೊನ್ನೆ ಎಂದು ತೋರಿತ್ತು, ಕೇಬಲಿಗೆ ಒಳ್ಳೆಯ ನಡತೆಯ ಪತ್ರ ಸಿಕ್ಕಿತ್ತು. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ, ನಮ್ಮ ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುವ ನಿಯಮವನ್ನು ಇಲ್ಲಿ ನೆನೆಯಬೇಕು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಆ ರೋಧವು ನುಂಗುವ ವೋಲ್ಟು ಸಿಗುತ್ತದೆ. ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುವಾಗ ಸುಮಾರು 100 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ದಾರಿಯಲ್ಲಿ ಒಂದು ಓಮಿನ ಐವತ್ತನೆಯ ಒಂದು ಪಾಲು ರೋಧವಿದ್ದರೂ ಅದು 2 ವೋಲ್ಟನ್ನು ನುಂಗಿತು. ಅದೇ ರೋಧವನ್ನು ಕೈಮೀಟರಿನಲ್ಲಿ ಅಳೆದರೆ, ಮೀಟರಿನ ಸ್ವಂತ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚಿರುವುದರಿಂದ, ಸೊನ್ನೆ ಎಂದೇ ತೋರುತ್ತದೆ. ಮೀಟರು ಅಳೆಯಲು ಕಳಿಸುವ ಪ್ರವಾಹ ಅತ್ಯಲ್ಪ. ಕೊಳೆತ ಕೇಬಲಿನಲ್ಲಿ ಉಳಿದ ನಾಲ್ಕು ಎಳೆಗಳೇ ಅದನ್ನು ಸುಖವಾಗಿ ಸಾಗಿಸುತ್ತವೆ. 100 ಆಂಪಿಯರಿನ ಹೊರೆ ಬಿದ್ದಾಗ ಬಾಗುತ್ತವೆ. ಕಾದಾಗ ಲೋಹದ ರೋಧ ಇನ್ನಷ್ಟು ಏರುತ್ತದೆ. ಬೆಳಿಗ್ಗೆ ಏಳುವ ಯಂತ್ರ ಮಧ್ಯಾಹ್ನ ಏಳದಿರುವುದು ಹೀಗೆ. ಎತ್ತು ಕೊಟ್ಟಿಗೆಯಲ್ಲಿ ನಿಂತಾಗ ಕುಂಟೋ ಅಲ್ಲವೋ ತಿಳಿಯುವುದಿಲ್ಲ, ಬಂಡಿಗೆ ಹೂಡಿ ನೋಡಬೇಕೆಂದು ಸಂತೆಯಲ್ಲಿ ಎತ್ತು ಕೊಳ್ಳುವವರಿಗೆಲ್ಲ ಗೊತ್ತು. ಕಾಕಾ ಹೇಳಿದ್ದೂ ಅದನ್ನೇ.

ಮಲ್ಪೆಯ ದಡದಲ್ಲಿ, ಸಂಜೆ ಪ್ರವಾಸಿಗಳೆಲ್ಲ ಚದುರಿದ ಮೇಲೆ, ನಾವು ಕೆಲಸಕ್ಕೆ ತೊಡಗಿದೆವು. ಮೊದಲು ಆಸನವನ್ನು ಎತ್ತಿಟ್ಟು ಒಡಲಿಗೆ ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟೆವು. ಇದನ್ನು ನಾನು ಒತ್ತಿ ಹೇಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮುಚ್ಚಿದ ಒಡಲಿನ ತಳದಲ್ಲಿ ಅದು ಮಡುಗಟ್ಟಿ ನಿಂತಿರಬಹುದು, ಒಂದು ಕಿಡಿ ಸಾಕು. ಮೂಗಿಗೆ ಪೆಟ್ರೋಲಿನ ವಾಸನೆ ಬರುವುದು ಪೂರ್ತಿ ನಿಲ್ಲುವವರೆಗೆ ಯಾವ ತಂತಿಯನ್ನೂ ಮುಟ್ಟಬಾರದು. ಎಂಜಿನ್ನನ್ನು ನೀರಿಲ್ಲದೆ ನೆಲದ ಮೇಲೆ ಓಡಗೊಡಬಾರದೆಂಬುದು ಇನ್ನೊಂದು ನಿಯಮ, ಅದನ್ನು ತಂಪಾಗಿಡುವುದು ಹೊರಗಿನ ನೀರೇ ಆದ್ದರಿಂದ. ಗುಂಡಿಯನ್ನು ಕೆಲವೇ ಸೆಕೆಂಡು ಒತ್ತಿ ಬಿಡಬೇಕು, ಸ್ಟಾರ್ಟರು ಆರಲು ಬಿಡಬೇಕು.

ಬ್ಯಾಟರಿ ಸುಮ್ಮನಿರುವಾಗ 12.7 ವೋಲ್ಟು ತೋರಿತು. ಸೀಸದ ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದಕ್ಕೆ 2 ವೋಲ್ಟಿನ ಮೇಲೆ ಸ್ವಲ್ಪ. ತುಂಬಿದ ಬ್ಯಾಟರಿಗೆ ಇದು ಸರಿಯಾದ ಅಂಕಿ. ಹುಡುಗ ಗುಂಡಿ ಒತ್ತಿದ. 'ಟಕ್' ಎಂದಿತು, ನರಳಿತು, ಮೀಟರು 11.2ಕ್ಕೆ ಇಳಿದು ನಿಂತಿತು. ಬ್ಯಾಟರಿ ನಿರ್ದೋಷಿ, ಸೋತ ಬ್ಯಾಟರಿಯಾಗಿದ್ದರೆ 9ಕ್ಕೋ ಅದಕ್ಕಿಂತ ಕೆಳಗೋ ಕುಸಿಯುತ್ತಿತ್ತು, ರಿಲೇ ಒಂದೇ ಸಲವಲ್ಲ, ಕಟಕಟನೆ ಹಲ್ಲು ಕಡಿಯುತ್ತಿತ್ತು. ಬಳಿಕ ಮೀಟರಿನ ಒಂದು ಮುಳ್ಳನ್ನು ಸ್ಟಾರ್ಟರಿನ ತುದಿಗೂ ಇನ್ನೊಂದನ್ನು ಅದರ ಮೈಗೂ ತಾಗಿಸಿ ಮತ್ತೆ ಒತ್ತಿಸಿದೆ. ಮೋಟಾರಿಗೆ ತಲುಪುತ್ತಿದ್ದುದು 7.4 ವೋಲ್ಟು ಮಾತ್ರ. ಉಳಿದ 3.8 ವೋಲ್ಟು ದಾರಿಯಲ್ಲಿ ಎಲ್ಲೋ ಲೂಟಿಯಾಗಿತ್ತು. ಕಳ್ಳನನ್ನು ಹಿಡಿಯಲು ಇನ್ನೆರಡು ಅಳತೆ ಸಾಕು. ಬ್ಯಾಟರಿಯ ಧನ ತುದಿಯಿಂದ ಸ್ಟಾರ್ಟರಿನ ತುದಿಯವರೆಗೆ, ರಿಲೇಯನ್ನೂ ಒಳಗೊಂಡು, ಗುಂಡಿ ಒತ್ತಿದಾಗ 0.4. ಅದು ಕ್ಷಮ್ಯ. ಎಂಜಿನ್ನಿನ ಮೈಯಿಂದ ಬ್ಯಾಟರಿಯ ಋಣ ತುದಿಯವರೆಗೆ 3.4!

ಹುಡುಗ ಮೀಟರನ್ನೇ ನೋಡುತ್ತ ನಿಂತ. ಫೋನಿನಲ್ಲಿ ಕಾಕಾಗೆ ಅಂಕಿ ತಿಳಿಸಿದಾಗ ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಇದ್ದಂತಿರಲಿಲ್ಲ. "ಬ್ಯಾರೆ ಕೇಬಲ್ ಒಂದ ಹಚ್ಚಿ ನೋಡ್ರಿ ಮಾಸ್ತರ, ಈಗಿಂದು ಬಿಚ್ಚಬ್ಯಾಡ್ರಿ" ಎಂದರು. ಪಕ್ಕದ ಕಾರಿನವರಿಂದ ಜಂಪರ್ ಕೇಬಲು ತಂದು, ಋಣ ತುದಿಗೂ ಎಂಜಿನ್ನಿನ ಮೈಗೂ ಬಿಗಿಯಾಗಿ ಕಚ್ಚಿಸಿ ಗುಂಡಿ ಒತ್ತಿದೊಡನೆ ಸ್ಟಾರ್ಟರು ಭರ್ರನೆ ತಿರುಗಿತು. ಏನನ್ನೂ ಕೊಳ್ಳದೆ, ಏನನ್ನೂ ಕತ್ತರಿಸದೆ ಅಪರಾಧ ಸಿದ್ಧವಾಯಿತು. ಮರುದಿನ ಹಳೆಯ ಕೇಬಲನ್ನು ಬಿಚ್ಚಿ ಅದರ ತುದಿಯ ಹೊದಿಕೆ ಸೀಳಿದಾಗ ಒಳಗೆ ಹಿಡಿಯಷ್ಟು ಹಸಿರು ಪುಡಿ, ಅದರ ನಡುವೆ ಹೊಳೆಯುವ ಕೆಲವೇ ಎಳೆಗಳು. ಮೂರನೆಯ ರಿಪೇರಿಯವನ ಮಾತು ಕೇಳಿ ಹೊಸ ಸ್ಟಾರ್ಟರು ಹಾಕಿಸಿದ್ದರೆ ಅದಕ್ಕೂ ಸಿಗುತ್ತಿದ್ದುದು ಆ 7.4 ವೋಲ್ಟೇ.

ಕೇಬಲು ಸಿಕ್ಕ ಮಾತ್ರಕ್ಕೆ ಹಳೆಯ ಯಂತ್ರದ ಪರೀಕ್ಷೆ ಮುಗಿಯದು. ನೀರಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.5 ವೋಲ್ಟಿರಬೇಕು, ಅಷ್ಟಕ್ಕೆ ಏರದಿದ್ದರೆ ವಿದ್ಯುತ್ತು ಹುಟ್ಟಿಸುವ ಸುರುಳಿಯನ್ನೋ ಅದನ್ನು ಏಕಮುಖ ಮಾಡಿ ಹದ್ದಿನಲ್ಲಿಡುವ ರೆಗ್ಯುಲೇಟರನ್ನೋ ಸಂಶಯಿಸಬೇಕು. ಬಾಡಿಗೆಯ ಯಂತ್ರಕ್ಕೆ ಇನ್ನೊಂದು ಕಷ್ಟವುಂಟು. ಐದೈದು ನಿಮಿಷದ ಸವಾರಿ, ಪ್ರತಿ ಸವಾರಿಗೂ ಒಮ್ಮೆ ಸ್ಟಾರ್ಟು: ಖರ್ಚಾದುದು ಮರಳಿ ತುಂಬುವಷ್ಟು ಹೊತ್ತು ಅದು ಓಡುವುದೇ ಇಲ್ಲ. ರಾತ್ರಿ ಚಾರ್ಜಿಗೆ ಹಾಕದೆ ಗತಿಯಿಲ್ಲ.

ಆ ಯಂತ್ರದಲ್ಲಿ ನಮ್ಮನ್ನು ನಿಜವಾಗಿ ಹೆದರಿಸಿದ್ದು ಬೇರೊಂದು. ಜೆಟ್ ಸ್ಕೀಯ ಸವಾರನ ಮಣಿಕಟ್ಟಿಗೋ ಜೀವರಕ್ಷಕ ಕವಚಕ್ಕೋ ಒಂದು ಸುರುಳಿಹಗ್ಗ ಕಟ್ಟಿರುತ್ತದೆ. ಅದರ ಇನ್ನೊಂದು ತುದಿ ಹ್ಯಾಂಡಲಿನ ಬಳಿಯ ಸ್ವಿಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ. ಸವಾರ ನೀರಿಗೆ ಬಿದ್ದರೆ ಹಗ್ಗ ಕಳಚಿ ಎಂಜಿನ್ ನಿಲ್ಲಬೇಕು. ಕೆಲವು ತಯಾರಕರು ಇದರಲ್ಲಿಯೇ ಗುರುತಿನ ಚಿಪ್ಪನ್ನೂ ಇಟ್ಟಿರುತ್ತಾರೆ. ಸರಿಯಾದ ಹಗ್ಗವಿಲ್ಲದೆ ಯಂತ್ರ ಏಳುವುದೇ ಇಲ್ಲ. ನಮ್ಮ ಹುಡುಗನದು ಚಿಪ್ಪಿಲ್ಲದ ಹಳೆಯ ಮಾದರಿ. ಹಗ್ಗ ಎಳೆದು ನೋಡಿದೆವು: ಎಂಜಿನ್ ನಿಲ್ಲಲಿಲ್ಲ. ಹಿಂದಿನ ಯಾರೋ, ಸ್ವಿಚ್ಚು ತೊಂದರೆ ಕೊಟ್ಟಾಗ, ಅದರ ತಂತಿಗಳನ್ನು ಬೇರ್ಪಡಿಸಿ ಕಪ್ಪು ಟೇಪು ಸುತ್ತಿ ಬಿಟ್ಟಿದ್ದರು. ಆ ಟೇಪಿನ ಕೆಳಗೆ ನೀರು ತುಂಬಿತ್ತು. ಏಳದ ಯಂತ್ರ ಸವಾರನನ್ನು ನಡುನೀರಿನಲ್ಲಿ ಬಿಡುತ್ತದೆ, ಸರಿ. ನಿಲ್ಲದ ಯಂತ್ರ ಈಜುವವರ ನಡುವೆ ಒಂಟಿಯಾಗಿ ನುಗ್ಗುತ್ತದೆ. ಹೊಸ ಸ್ವಿಚ್ಚು ಬರುವವರೆಗೆ ಒಬ್ಬ ಪ್ರವಾಸಿಯನ್ನೂ ಹತ್ತಿಸಕೂಡದೆಂದು ಹುಡುಗನಿಗೆ ಹೇಳಿದೆ. ಹಬ್ಬದ ರಜೆಯ ನಾಲ್ಕು ದಿನಗಳ ಗಳಿಕೆ ಹೋಯಿತು. ಪಾಲುಗಾರ ಗೆಳೆಯ ಮುಖ ಗಂಟಿಕ್ಕಿದ. ಹುಡುಗ ಮಾತ್ರ ಯಂತ್ರವನ್ನು ದಡಕ್ಕೆಳೆದು, ಅದರ ಮೇಲೆ ತಾಡಪಾಲು ಹೊದಿಸಿ, ಪಾಲುಗಾರನ ಎದುರಿಗೇ ಹಗ್ಗವನ್ನು ಕಿಸೆಯಲ್ಲಿಟ್ಟುಕೊಂಡ.

ಹಳೆಯ ಯಂತ್ರವೆಂದರೆ ಇದೇ. ಹೊಸದರಲ್ಲಿ ತಯಾರಕನ ಆಲೋಚನೆಯೊಂದೇ ಇರುತ್ತದೆ. ಹಳೆಯದರಲ್ಲಿ ಹಿಂದಿನ ಒಡೆಯರೆಲ್ಲರ ಅವಸರವೂ ಸೇರಿರುತ್ತದೆ. ಆದ್ದರಿಂದ ತಂತಿಯ ನಕ್ಷೆಯನ್ನು ಕೈಯಲ್ಲಿ ಹಿಡಿದು, ನಕ್ಷೆಯಲ್ಲಿಲ್ಲದ ತಂತಿ ಕಂಡಲ್ಲೆಲ್ಲ ನಿಂತು ವಿಚಾರಿಸಬೇಕು. ತಿರುಚಿ ಟೇಪು ಸುತ್ತಿದ ಕೂಡುಗಳನ್ನು ಕಿತ್ತು, ತವರದ ಲೇಪವಿರುವ ತಾಮ್ರದ ತಂತಿ ಹಾಕಿ, ಒತ್ತುಬಿಗಿದ ತುದಿಯ ಮೇಲೆ ಒಳಗೆ ಅಂಟಿರುವ, ಕಾಯಿಸಿದರೆ ಕುಗ್ಗುವ ಕೊಳವೆಯನ್ನು ತೊಡಿಸಿದರೆ ನೀರಿಗೆ ದಾರಿಯಿರದು. ಬ್ಯಾಟರಿ ಬಿಚ್ಚುವಾಗ ಋಣ ತುದಿ ಮೊದಲು, ಕೂಡಿಸುವಾಗ ಅದು ಕೊನೆಗೆ. ದಿನದ ಕೊನೆಗೆ ಸಿಹಿನೀರಿನಿಂದ ಎಂಜಿನ್ ತೊಳೆಯುವಾಗ ಎಂಜಿನ್ ಏಳಿಸಿದ ಮೇಲೆ ನೀರು ಬಿಡಬೇಕು, ನೀರು ನಿಲ್ಲಿಸಿದ ಮೇಲೆ ಎಂಜಿನ್ ನಿಲ್ಲಿಸಬೇಕು. ತಲೆಕೆಳಗಾದರೆ ನೀರು ಎಂಜಿನ್ನಿನ ಒಳಕ್ಕೇ ನುಗ್ಗಬಹುದು. ಮಳೆಗಾಲದಲ್ಲಿ ಬ್ಯಾಟರಿಯನ್ನು ಯಂತ್ರದಲ್ಲಿ ಬಿಟ್ಟು ಊರಿಗೆ ಬಂದರೆ ಅದು ತಾನಾಗಿಯೇ ಖಾಲಿಯಾಗಿ, ಸೀಸದ ಫಲಕಗಳ ಮೇಲೆ ಗಟ್ಟಿ ಸಲ್ಫೇಟು ಕಟ್ಟಿ, ಮರಳಿ ಬರುವಷ್ಟರಲ್ಲಿ ಸತ್ತಿರುತ್ತದೆ.

ನರೋಣಾದಿಂದ ಇನ್ನಿಬ್ಬರು ಹುಡುಗರು ಇಂಥದೇ ಹಳೆಯ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದಾರೆಂದು ಕೇಳಿದ್ದೇನೆ. ಕಾಕಾ ಅವರಿಗೆ ಹೇಳಿರುವುದು ಇಷ್ಟು: ನೋಡಲು ಹೋಗುವ ದಿನ ಯಂತ್ರವನ್ನು ಮುಂಚಿತವಾಗಿ ಚಾಲೂ ಮಾಡಬಾರದೆಂದು ಮಾರುವವನಿಗೆ ತಿಳಿಸಿರಿ, ಹೋದೊಡನೆ ಎಂಜಿನ್ನಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿರಿ, ಒಮ್ಮೆ ತಣ್ಣಗಿರುವಾಗ, ಒಮ್ಮೆ ನೀರಿನಲ್ಲಿ ಅರ್ಧ ಗಂಟೆ ಓಡಿಸಿ ಕಾದಾಗ, ಮೀಟರಿನ ಮುಳ್ಳುಗಳನ್ನು ಕಪ್ಪು ಕೇಬಲಿನ ಎರಡು ತುದಿಗೂ ಹಿಡಿದು ಸೆಲ್ಫ್ ಹೊಡೆಯಿರಿ, ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಬೆಲೆಯಲ್ಲಿ ಇಳಿಸಿ ಕೇಳಿರಿ, ಹಗ್ಗ ಎಳೆದಾಗ ಎಂಜಿನ್ ನಿಲ್ಲದಿದ್ದರೆ ಬೆಲೆಯ ಮಾತನ್ನೇ ಆಡದೆ ಎದ್ದು ಬನ್ನಿರಿ.